ಇದು ನನ್ನದಲ್ಲ, ನನ್ನ ಗುರುವಿನದು

ಮೈಸೂರಿನ ಯೋಗದ ಕಥೆಯ ಬುಡದಲ್ಲಿ ಯಾರೂ ಕಣ್ಣಾರೆ ಕಾಣದ ಪುಸ್ತಕವೊಂದಿದೆ. ಹೆಸರು ‘ಯೋಗ ಕುರುಂಟ’. ಬರೆದವರು ವಾಮನ ಋಷಿ. ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು ಅದನ್ನು ಹಿಮಾಲಯದಾಚೆ ಗುರುವಿನ ಬಾಯಿಂದ ಕಲಿತರು; ಆಮೇಲೆ ಕಲ್ಕತ್ತೆಯ ಗ್ರಂಥಭಂಡಾರವೊಂದರಲ್ಲಿ ಅದರ ಓಲೆಗರಿಯ ಪ್ರತಿ ಸಿಕ್ಕಿತು; ಅದನ್ನು ಇರುವೆಗಳು ತಿಂದು ಹಾಳುಮಾಡಿದವು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಬಳಗದಲ್ಲಿ ಹೇಳಿಕೊಂಡು ಬಂದ ಕಥೆ ಇದು. ಇವತ್ತು ಲಂಡನ್ನಿನಲ್ಲೋ ಲಾಸ್ ಏಂಜಲೀಸಿನಲ್ಲೋ ಬೆಳಗಿನ ಜಾವ ಎದ್ದು, ‘ಏಕಂ, ದ್ವೇ, ತ್ರೀಣಿ’ ಎಂಬ ಎಣಿಕೆಗೆ ಉಸಿರು ಕೂಡಿಸಿ ಸೂರ್ಯನಮಸ್ಕಾರ ಹಾಕುವವರನ್ನು ‘ಈ ಕ್ರಮ ಎಲ್ಲಿಂದ ಬಂತು?’ ಎಂದು ಕೇಳಿದರೆ, ಕೈ ತೋರಿಸುವುದು ಈ ಇರುವೆ ತಿಂದ ಗ್ರಂಥದ ಕಡೆಗೆ.

ಕೇಳಿದವರಿಗೆ ನಗು ಬರುವುದು ಸಹಜ. ವಿದ್ವಾಂಸರು ನಗಲಿಲ್ಲ, ಹುಡುಕಿದರು. ನಾರ್ಮನ್ ಷೋಮನ್ ಮೈಸೂರಿನಲ್ಲೇ ವರ್ಷಗಟ್ಟಲೆ ಇದ್ದು ಸಂಸ್ಕೃತ ಕಲಿತವರು. ಅವರು 1996ರಲ್ಲಿ ಮೈಸೂರು ಅರಮನೆಯ ಯೋಗ ಪರಂಪರೆಯ ಬಗ್ಗೆ ಪುಸ್ತಕ ತಂದಾಗ ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ 122 ಆಸನಗಳ ಚಿತ್ರಗಳನ್ನು ಅಚ್ಚು ಹಾಕಿಸಿದರು. ಹಗ್ಗ ಹಿಡಿದು ಮಾಡುವ ಆಸನಗಳೂ ಅಲ್ಲಿವೆ, ಗರಡಿಯ ಸಾಮಿನಂತೆ ಕಾಣುವವೂ ಇವೆ. 2010ರಲ್ಲಿ ಮಾರ್ಕ್ ಸಿಂಗಲ್‌ಟನ್ ಇನ್ನೂ ಮುಂದೆ ಹೋಗಿ, ಇಂದಿನ ಆಸನಾಭ್ಯಾಸದ ರೂಪದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಕಸರತ್ತು, ಡ್ರಿಲ್ಲು, ದೇಹದಾರ್ಢ್ಯಗಳ ಕೈಯೂ ಇದೆ ಎಂದರು. ‘ಯೋಗ ಕುರುಂಟ’ ಬರೀ ಕಟ್ಟುಕಥೆ ಎಂದು ತೀರ್ಮಾನಿಸಿದವರು ಆಗ ಬಹಳ ಮಂದಿ.

ಆಮೇಲೆ ಕಥೆಗೆ ಒಂದು ತಿರುವು ಬಂತು. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದ್ದ ‘ಹಠಾಭ್ಯಾಸಪದ್ಧತಿ’ ಎಂಬ ಹದಿನೆಂಟನೆಯ ಶತಮಾನದ ಹಸ್ತಪ್ರತಿಯನ್ನು ವಿದ್ವಾಂಸರು ಕೂತು ಓದಿದರು. 112 ಆಸನಗಳು, ಗುಂಪು ಗುಂಪಾಗಿ, ಒಂದರ ಬೆನ್ನಿಗೆ ಒಂದು. ಹಗ್ಗದ ಆಸನಗಳೂ ಇವೆ. ಶ್ರೀತತ್ತ್ವನಿಧಿಯ ಚಿತ್ರಗಳಿಗೆ ಮೂಲ ಇದೇ. ಗ್ರಂಥಕರ್ತನ ಹೆಸರು ಕಪಾಲಕುರಂಟಕ. ಕುರುಂಟ, ಕುರಂಟಕ! ಇರುವೆ ತಿಂದದ್ದು ಇದನ್ನೇ ಎಂದು ಸಾಧಿಸಲು ಬರುವುದಿಲ್ಲ. ಆದರೆ ಬರೀ ಕಟ್ಟುಕಥೆ ಎಂದು ಕೈತೊಳೆದುಕೊಳ್ಳುವುದೂ ಇನ್ನು ಅಷ್ಟು ಸಲೀಸಲ್ಲ.

ನನಗೆ ಈ ಪ್ರಕರಣದಲ್ಲಿ ಕುತೂಹಲ ಹುಟ್ಟಿಸುವುದು ಪುಸ್ತಕ ಇತ್ತೋ ಇಲ್ಲವೋ ಎಂಬ ಪ್ರಶ್ನೆಗಿಂತ ಹೆಚ್ಚಾಗಿ, ಕೃಷ್ಣಮಾಚಾರ್ಯರಂಥ ಘನ ವಿದ್ವಾಂಸರು ‘ಇದು ನಾನು ಕಂಡುಕೊಂಡದ್ದು’ ಎಂದು ಏಕೆ ಹೇಳಲಿಲ್ಲ ಎಂಬುದು. ಕಾಶಿಯಲ್ಲಿ ತರ್ಕ, ಮೀಮಾಂಸೆ ಓದಿದವರು. ಮೂರು ಜನ್ಮಕ್ಕಾಗುವಷ್ಟು ಬಿರುದು ಅವರ ಹೆಸರಿಗೆ ಅಂಟಿಕೊಂಡಿತ್ತು. ಹೊಸದೊಂದು ಪದ್ಧತಿಗೆ ತಮ್ಮ ಹೆಸರಿಟ್ಟುಕೊಂಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅವರು ಇಡಲಿಲ್ಲ.

ಇದಕ್ಕೆ ಉತ್ತರ ಅವರದೇ ಇನ್ನೊಂದು ಪುಸ್ತಕದ ಕಥೆಯಲ್ಲಿದೆ. ಹದಿನಾರರ ಹುಡುಗನಾಗಿದ್ದಾಗ ಅವರು ತಮಿಳುನಾಡಿನ ಆಳ್ವಾರ್ ತಿರುನಗರಿಗೆ ಹೋದರು. ಅಲ್ಲಿನ ಹುಣಿಸೆ ಮರದಡಿ ಕುಳಿತಿದ್ದ ಮುದುಕನೊಬ್ಬ ಮಾವಿನ ತೋಪಿನ ಕಡೆ ಕೈ ತೋರಿಸಿದ. ತೋಪಿನಲ್ಲಿ ಹುಡುಗನಿಗೆ ಮೈಮರೆತಂತಾಯಿತು. ಆ ಸ್ಥಿತಿಯಲ್ಲಿ ಪೂರ್ವಿಕರಾದ ನಾಥಮುನಿಗಳು ‘ಯೋಗರಹಸ್ಯ’ವನ್ನು ಹೇಳಿದರು, ಇವರು ಕೇಳಿಸಿಕೊಂಡರು. ಎಚ್ಚರಾದಾಗ ತೋಪೂ ಇರಲಿಲ್ಲ, ಮುನಿಗಳೂ ಇರಲಿಲ್ಲ. ಗ್ರಂಥ ಮಾತ್ರ ನೆನಪಿನಲ್ಲಿ ಉಳಿದಿತ್ತು.

ಶ್ರೀವೈಷ್ಣವರ ಮನೆಯಲ್ಲಿ ಬೆಳೆದವರಿಗೆ ಈ ಕಥೆ ಎಲ್ಲೋ ಕೇಳಿದಂತಿದೆಯಲ್ಲ ಎನ್ನಿಸಬೇಕು. ಹೌದು, ಕೇಳಿದ್ದೇ. ನಾಥಮುನಿಗಳ ಕಾಲಕ್ಕೆ ಆಳ್ವಾರರ ಪಾಶುರಗಳು ಕಳೆದುಹೋಗಿದ್ದವು. ಸಾವಿರದಲ್ಲಿ ಹತ್ತು ಮಾತ್ರ ಅವರ ಕಿವಿಗೆ ಬಿದ್ದಿದ್ದವು. ಉಳಿದವನ್ನು ಅರಸಿ ಅವರು ಇದೇ ಊರಿಗೆ ಬಂದರು, ಇದೇ ಹುಣಿಸೆ ಮರದಡಿ ಕುಳಿತು ಮಧುರಕವಿ ಆಳ್ವಾರರ ಸ್ತುತಿಯನ್ನು 12,000 ಬಾರಿ ಜಪಿಸಿದರು. ನಮ್ಮಾಳ್ವಾರರು ಪ್ರತ್ಯಕ್ಷರಾಗಿ ನಾಲ್ಕು ಸಾವಿರವನ್ನೂ ಕೊಟ್ಟರು. ಇಬ್ಬರ ನಡುವೆ ಶತಮಾನಗಳ ಅಂತರವಿತ್ತು. ಹಾಗಿದ್ದೂ ಇಂದಿಗೂ ಶ್ರೀವೈಷ್ಣವರು ಪಾಠಕ್ಕೆ ಕೂರುವ ಮುನ್ನ ತಮ್ಮ ಆಚಾರ್ಯರಿಂದ ಹಿಡಿದು ರಾಮಾನುಜ, ಯಾಮುನ, ನಾಥಮುನಿ, ನಮ್ಮಾಳ್ವಾರ್ ಎಂದು ಲಕ್ಷ್ಮೀನಾರಾಯಣರ ತನಕ ಗುರುಪರಂಪರೆಯನ್ನು ನೆನೆಯುವಾಗ ಆ ಅಂತರದ ಮೇಲೆ ಯಾರೂ ಎಡವುವುದಿಲ್ಲ. ಹರಿದದ್ದನ್ನು ಹೊಲಿಯುವ ವಿಧಾನವೂ ಪರಂಪರೆಗೆ ಗೊತ್ತಿದೆ. ಕೃಷ್ಣಮಾಚಾರ್ಯರು ಅದೇ ಊರಿಗೆ ಹೋಗಿ ಅದೇ ದಾರಿಯಲ್ಲಿ ಗ್ರಂಥವೊಂದನ್ನು ಪಡೆದರು ಎಂದರೆ, ಸುಳ್ಳು ಹೇಳಿದರು ಅನ್ನುವುದೂ ದುಡುಕು, ಪವಾಡವಾಯಿತು ಅನ್ನುವುದೂ ದುಡುಕು. ಹೊಸದನ್ನು ಹೇಳುವಾಗ ತಾನು ಪಕ್ಕಕ್ಕೆ ಸರಿದು ನಿಲ್ಲುವ ಒಂದು ರೂಢಿ ಅವರ ಮನೆಯಲ್ಲಿತ್ತು. ಭಗವದ್ಗೀತೆಯೂ ಹಾಗೆಯೇ ಮಾಡುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಕೃಷ್ಣ ಸೂರ್ಯನಿಗೆ, ಸೂರ್ಯ ಮನುವಿಗೆ, ಮನು ಇಕ್ಷ್ವಾಕುವಿಗೆ ಯೋಗವನ್ನು ದಾಟಿಸಿದ ಲೆಕ್ಕ ಬರುತ್ತದೆ. ಅದರ ಬೆನ್ನಿಗೇ, ಕಾಲ ಸರಿದು ಆ ಯೋಗ ಕಳೆದುಹೋಯಿತು ಎಂಬ ಮಾತೂ ಬರುತ್ತದೆ. ಪರಂಪರೆಯನ್ನು ಸಾರುವ ಉಸಿರಿನಲ್ಲೇ ಅದು ಕಡಿದದ್ದನ್ನೂ ಒಪ್ಪಿಕೊಳ್ಳುವ ಧೈರ್ಯ ಆ ಗ್ರಂಥಕ್ಕಿದೆ.

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ತಂದೆ ತೀರಿಕೊಂಡ ಮೇಲೆ ಮೈಸೂರಿನ ಪರಕಾಲ ಮಠದ ಆಶ್ರಯಕ್ಕೆ ಬಂದರು. ಯೋಗಕ್ಕಾಗಿ ಮಾನಸಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಹತ್ತಿರ ಏಳೂವರೆ ವರ್ಷ ಇದ್ದರು ಎನ್ನುವುದಕ್ಕೆ ಅವರ ಮಾತೇ ಸಾಕ್ಷಿ. ಆ ಗುರು ಕೇಳಿದ ದಕ್ಷಿಣೆ ವಿಚಿತ್ರವಾಗಿತ್ತು: ಊರಿಗೆ ಹೋಗು, ಮದುವೆಯಾಗು, ಮಕ್ಕಳನ್ನು ಪಡೆ, ಯೋಗ ಕಲಿಸು. ಮಠದ ಪೀಠ ತಮ್ಮ ಪಾಲಿಗೆ ಬಂದಾಗಲೂ ಅವರು ಇದೇ ಕಾರಣಕ್ಕೆ ಒಲ್ಲೆ ಎಂದರಂತೆ. ಅಷ್ಟು ಓದಿದವರು ಹಾಸನದ ಕಾಫಿ ತೋಟದಲ್ಲಿ ಮೇಲುಸ್ತುವಾರಿ ಮಾಡಿಕೊಂಡು, ಬಿಡುವಾದಾಗ ಊರೂರಿನಲ್ಲಿ ಯೋಗದ ಉಪನ್ಯಾಸ ಮಾಡುತ್ತಿದ್ದರು. ಈ ಗೃಹಸ್ಥನ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಸನ್ಯಾಸಿಯ ಪೀಠ ಶಿಷ್ಯನಿಗೆ ಹೋಗುತ್ತದೆ. ಗೃಹಸ್ಥನ ವಿದ್ಯೆ ಮನೆಯೊಳಗೆ ಇಳಿಯುತ್ತದೆ. ಮುಂದೆ ಮೈಸೂರು, ಪುಣೆ, ಚೆನ್ನೈ ಮೂರೂ ಕಡೆ ನಡೆದದ್ದು ಅದೇ.

ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರಿಗೆ ಯೋಗಶಾಲೆ ತೆರೆಸಿಕೊಟ್ಟರು. ಮರುವರ್ಷವೇ ‘ಯೋಗ ಮಕರಂದ’ ಅಚ್ಚಾಯಿತು, 1941ರಲ್ಲಿ ‘ಯೋಗಾಸನಗಳು’ ಬಂತು. ಎರಡೂ ಕನ್ನಡದಲ್ಲಿ. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ನಡೆಯುವ ಯೋಗದ ಒಂದು ದೊಡ್ಡ ಕವಲಿನ ಮೊದಲ ಪಠ್ಯಗಳು ನಮ್ಮ ನುಡಿಯಲ್ಲಿವೆ. ಅವನ್ನು ಇಂಗ್ಲಿಷಿನಲ್ಲಿ ಓದಿದವರು ಕನ್ನಡದಲ್ಲಿ ಓದಿದವರಿಗಿಂತ ಎಷ್ಟು ಪಟ್ಟು ಹೆಚ್ಚಿದ್ದಾರೋ! ‘ಯೋಗಾಸನಗಳು’ ಪುಸ್ತಕದಲ್ಲಿ ಆಸನಗಳನ್ನು ಮೂರು ಹಂತಗಳಾಗಿ ವಿಂಗಡಿಸಿದ ಪಟ್ಟಿಯಿದೆ. ಜೋಯಿಸರು ಆಮೇಲೆ ಕಲಿಸಿದ ಸರಣಿಗಳಿಗೂ ಅದಕ್ಕೂ ಹತ್ತಿರದ ಹೋಲಿಕೆ. ಓಲೆಗರಿ ಸಿಗದಿದ್ದರೂ ಅರಮನೆಯ ಕಾಲದ ಅಚ್ಚಿನ ಪುಸ್ತಕ ಸಿಕ್ಕಿದೆ ಎನ್ನಬಹುದು.

ಆ ಯೋಗಶಾಲೆಯನ್ನು ಆಶ್ರಮದಂತೆ ಕಲ್ಪಿಸಿಕೊಳ್ಳುವುದು ಬೇಡ. ಅರಮನೆಯ ಹುಡುಗರು, ಅರಸು ಮನೆತನದವರು, ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅದೇ ಅರಮನೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಬೆಂಗಳೂರಿನ ಕೆ.ವಿ. ಅಯ್ಯರ್ ಅವರ ಶಿಷ್ಯರೊಬ್ಬರು ವ್ಯಾಯಾಮ, ಸೂರ್ಯನಮಸ್ಕಾರ ಹೇಳಿಕೊಡುತ್ತಿದ್ದರು. ‘ಶಾಂತಲಾ’, ‘ರೂಪದರ್ಶಿ’ ಬರೆದ ಕಾದಂಬರಿಕಾರರೂ ಕೈಲಾಸಂ ಅವರ ಆಪ್ತರೂ ಆದ ಅದೇ ಕೆ.ವಿ. ಅಯ್ಯರ್. ಗೋಡೆಯ ಆಚೆ ಈಚೆ ಏನೇನು ದಾಟಿತು ಎಂದು ಅಳೆಯುವುದು ಹೇಗೆ? ಮಹಾರಾಜರಿಗೆ ಯೋಗದ ಪ್ರಚಾರ ಬೇಕಿತ್ತು, ಪ್ರಚಾರಕ್ಕೆ ಪ್ರದರ್ಶನ ಬೇಕಿತ್ತು, ಪ್ರದರ್ಶನಕ್ಕೆ ಒಂದು ಆಸನದಿಂದ ಇನ್ನೊಂದಕ್ಕೆ ಚಕಚಕನೆ ಸಾಗುವ ಹುಡುಗರು ಬೇಕಿದ್ದರು. ಹನ್ನೆರಡು, ಹದಿನಾಲ್ಕು ವರ್ಷದ ಹುಡುಗರಿಗೆ ಹೇಳಿಕೊಟ್ಟ ವೇಗ ಇಂದು ಐವತ್ತು ದಾಟಿದವರ ಮೊಣಕಾಲಿಗೂ ಶಾಸ್ತ್ರವಾಗಿಬಿಟ್ಟಿದೆ.

ಈಗ ಶಿಷ್ಯರು. ಹಾಸನದ ಬಳಿಯ ಕೌಶಿಕದ ಹುಡುಗ ಪಟ್ಟಾಭಿ 1927ರಲ್ಲಿ ಹಾಸನದ ಜುಬಿಲಿ ಹಾಲ್‌ನಲ್ಲಿ ಆಚಾರ್ಯರ ಪ್ರದರ್ಶನ ನೋಡಿದ, ಮಾರನೆಯ ದಿನವೇ ಮನೆ ಹುಡುಕಿಕೊಂಡು ಹೋದ. ಮೂರು ವರ್ಷದ ನಂತರ ಮನೆಯವರಿಗೆ ಹೇಳದೆ ಎರಡು ರೂಪಾಯಿ ಜೇಬಿನಲ್ಲಿಟ್ಟುಕೊಂಡು ಮೈಸೂರಿಗೆ ಓಡಿದ. ಮುಂದೆ ಮಹಾರಾಜ ಸಂಸ್ಕೃತ ಕಾಲೇಜಿನಲ್ಲಿ ಯೋಗದ ಅಧ್ಯಾಪಕನಾಗಿ, 1948ರಲ್ಲಿ ಲಕ್ಷ್ಮೀಪುರದ ಮನೆಯಲ್ಲೇ ಅಷ್ಟಾಂಗ ಯೋಗ ಸಂಶೋಧನಾಲಯ ತೆರೆದ. ಗುರು ವಿಶಿಷ್ಟಾದ್ವೈತಿ, ಶಿಷ್ಯ ಶಂಕರರ ಅದ್ವೈತದವರು. ಪಾಠ ನಡೆಯುವುದಕ್ಕೆ ಅದೇನೂ ಅಡ್ಡ ಬರಲಿಲ್ಲ. ಜೋಯಿಸರು ಕೊನೆಯತನಕ ಹೇಳುತ್ತಿದ್ದುದು ಒಂದೇ: ಗುರು ಕಲಿಸಿದ್ದನ್ನೇ ಕಲಿಸುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ.

ಬಿ.ಕೆ.ಎಸ್. ಅಯ್ಯಂಗಾರರ ಕಥೆಯೇ ಬೇರೆ. ಕೋಲಾರ ಜಿಲ್ಲೆಯ ಬೆಳ್ಳೂರಿನ, ರೋಗದ ಮೇಲೆ ರೋಗ ಬಿದ್ದು ಸೊರಗಿದ ಹುಡುಗ. ಅಕ್ಕ ನಾಮಗಿರಿಯಮ್ಮನ ಗಂಡನೇ ಕೃಷ್ಣಮಾಚಾರ್ಯ. 1934ರಲ್ಲಿ ಭಾವನ ಮನೆಗೆ ಬಂದವನಿಗೆ ಮೊದಮೊದಲು ಮನೆಗೆಲಸ ಸಿಕ್ಕಿತೇ ಹೊರತು ಯೋಗ ಸಿಗಲಿಲ್ಲ. ಮೆಚ್ಚಿನ ಶಿಷ್ಯ ಕೇಶವಮೂರ್ತಿ ಹೇಳದೆ ಕೇಳದೆ ಮನೆ ಬಿಟ್ಟು ಹೋದಾಗ, ಮುಂದಿನ ಪ್ರದರ್ಶನಕ್ಕೆ ಆಳು ಬೇಕಾಯಿತು. ಒಮ್ಮೆ ಸಭೆಯಲ್ಲಿ ಹನುಮಾನಾಸನ ಮಾಡು ಎಂದು ಅಪ್ಪಣೆಯಾಯಿತು. ಚಡ್ಡಿ ಬಿಗಿ, ಕಾಲು ಚಾಚಲಾಗದು ಎಂದು ಹುಡುಗ ನೆಪ ಹೇಳಿದ. ಗುರು ಕತ್ತರಿ ತರಿಸಿದರು. ತೊಡೆಯ ಹಿಂಭಾಗಕ್ಕೆ ಆದ ಪೆಟ್ಟು ಮಾಯಲು ವರ್ಷಗಳೇ ಹಿಡಿದವು. 1937ರಲ್ಲಿ, ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ, ಹದಿನೆಂಟರ ಈ ಹುಡುಗನನ್ನು ಆರು ತಿಂಗಳ ಮಟ್ಟಿಗೆ ಪುಣೆಗೆ ಕಳಿಸಿದರು. ಅವನು ಮರಳಲೇ ಇಲ್ಲ. ಗುರು ಹತ್ತಿರವಿಲ್ಲ, ಭಾಷೆ ಬಾರದು, ಶಿಷ್ಯರು ತನಗಿಂತ ಹಿರಿಯರು. ತನ್ನ ಮೈಯನ್ನೇ ಗುರುವಾಗಿಸಿಕೊಂಡು, ಎಲ್ಲಿ ನೋವು, ಎಲ್ಲಿ ಎಳೆತ ಎಂದು ಗಂಟೆಗಟ್ಟಲೆ ನೋಡಿಕೊಂಡು, ಹಗ್ಗ, ಕುರ್ಚಿ, ಇಟ್ಟಿಗೆಯಾಕಾರದ ಮರದ ತುಂಡು, ಬೆಲ್ಟುಗಳನ್ನು ಪಾಠಕ್ಕೆ ತಂದುಕೊಂಡ. ಪಿಟೀಲುಗಾರ ಯೆಹೂದಿ ಮೆನುಹಿನ್ 1952ರಲ್ಲಿ ಭೇಟಿಯಾದ ಮೇಲೆ ಜಗತ್ತಿನ ಬಾಗಿಲು ತೆರೆಯಿತು. 1966ರ ಪುಸ್ತಕ ‘ಲೈಟ್ ಆನ್ ಯೋಗ’ ಅವರನ್ನು ಮನೆಮಾತಾಗಿಸಿತು. ಗುರುವಿನ ಸಿಡುಕಿನ ಬಗ್ಗೆ ಅವರು ಸಂಕೋಚವಿಲ್ಲದೆ ಬರೆದರು. ಅದೇ ಗುರುವಿಗೆ ಪುಸ್ತಕವನ್ನು ಅರ್ಪಿಸಿದರು.

ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿಯವರಿಗೆ ಕೃಷ್ಣಮಾಚಾರ್ಯರು ಕಲಿಸಲು ಒಪ್ಪಿದ್ದು ಮಹಾರಾಜರು ಹೇಳಿದ ಮೇಲೆಯೇ. ಹೆಂಗಸು, ಅದರಲ್ಲೂ ವಿದೇಶದವಳು. ವರ್ಷದೊಳಗೆ ಗುರುವೇ ಆಕೆಯನ್ನು ಕೂರಿಸಿಕೊಂಡು, ನೀನು ಇನ್ನು ಕಲಿಸಬೇಕು ಎಂದರು. ಆಕೆ ಶಾಂಘೈಯಲ್ಲೂ 1947ರಲ್ಲಿ ಹಾಲಿವುಡ್‌ನಲ್ಲೂ ಕಲಿಸಿದ್ದು ಮೃದುವಾದ, ಆತುರವಿಲ್ಲದ ಯೋಗ. ಅರಮನೆಯ ಬಾಗಿಲು 1950ರಲ್ಲಿ ಮುಚ್ಚಿದ ಮೇಲೆ ಮದರಾಸು ಸೇರಿದ ಆಚಾರ್ಯರ ಹತ್ತಿರ, ಇಂಜಿನಿಯರಿಂಗ್ ಓದಿದ್ದ ಮಗ ದೇಶಿಕಾಚಾರ್ ಕಲಿತದ್ದು ಇನ್ನೂ ಬೇರೆ. ನಿದ್ದೆಗೆಟ್ಟ ವಿದೇಶಿ ಹೆಂಗಸೊಬ್ಬಳು ಗುಣವಾದ ಸಂತೋಷಕ್ಕೆ ಬೀದಿಯಲ್ಲೇ ತಮ್ಮ ತಂದೆಯನ್ನು ಅಪ್ಪಿಕೊಂಡದ್ದು ನೋಡಿ ಬೆರಗಾಗಿ ಪಾಠಕ್ಕೆ ಕುಳಿತವರು ಅವರು. ಅಲ್ಲಿ ಜಿಗಿತವಿಲ್ಲ, ಸರಣಿಯಿಲ್ಲ. ಬಂದವರ ವಯಸ್ಸು, ರೋಗ, ಉಸಿರು ನೋಡಿ ಒಬ್ಬೊಬ್ಬರಿಗೆ ಒಂದೊಂದು. (ದೇಶಿಕಾಚಾರ್ ಹುಟ್ಟಿದ್ದು 1938ರ ಜೂನ್ 21ರಂದು, ಮೈಸೂರಿನಲ್ಲಿ. ವಿಶ್ವಸಂಸ್ಥೆ ಯೋಗ ದಿನಕ್ಕೆ ಅದೇ ತಾರೀಖನ್ನು ಆರಿಸಿದ್ದು ಬೇರೆ ಕಾರಣಕ್ಕೆ. ಆದರೂ ಪಂಚಾಂಗಕ್ಕೆ ತನ್ನದೇ ತಮಾಷೆ ಇರುತ್ತದೆ.)

ಒಬ್ಬ ಗುರು, ನಾಲ್ಕು ಯೋಗ. ಯಾವುದು ಅಸಲಿ ಎಂದು ಜಗಳವಾಡುವವರಿಗೆ ಕೊರತೆಯಿಲ್ಲ. ನಾಲ್ವರೂ ತಾವು ಪಡೆದದ್ದನ್ನೇ ಕೊಟ್ಟರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅರಮನೆಯ ಹುಡುಗನಿಗೆ ಆಚಾರ್ಯರು ಬೇರೆ, ಮದರಾಸಿನ ರೋಗಿಗೆ ಬೇರೆ, ಐವತ್ತರ ವಯಸ್ಸಿನ ಆಚಾರ್ಯರು ಬೇರೆ, ತೊಂಬತ್ತರವರು ಬೇರೆ. ಒಂದು ಕಾಲದಲ್ಲಿ ಹೆಂಗಸರಿಗೆ ಕಲಿಸಲು ಹಿಂಜರಿದವರೇ ಇಳಿವಯಸ್ಸಿನಲ್ಲಿ ಹೆಂಗಸರಿಗೆ ವೇದಮಂತ್ರ ಹೇಳಿಕೊಟ್ಟರು. ಅವರಿಂದ ದಾಟಿದ್ದು ಆಸನಗಳ ಪಟ್ಟಿಗಿಂತ ಹೆಚ್ಚಾಗಿ ಎದುರಿಗೆ ನಿಂತವನ ಮೈಯನ್ನು ಓದುವ ಕಣ್ಣು. ಪಟ್ಟಿಯನ್ನು ಬರೆದಿಡಬಹುದು, ಕಣ್ಣನ್ನು ಬರೆದಿಡಲಾಗದು. ಅದಕ್ಕೇ ಗುರುವಿನ ಹತ್ತಿರ ವರ್ಷಗಟ್ಟಲೆ ಇರಬೇಕಾಗುತ್ತಿತ್ತು.

ಬೆಲ್ಜಿಯಂನ ಆಂದ್ರೆ ವಾನ್ ಲೀಸೆಬೆತ್ 1964ರಲ್ಲಿ ಲಕ್ಷ್ಮೀಪುರದ ಬಾಗಿಲು ತಟ್ಟಿದರು. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಬಂದರು. ಹತ್ತು ಹನ್ನೆರಡು ಚಾಪೆ ಹಿಡಿಸುತ್ತಿದ್ದ ಕೋಣೆ ಸಾಲದಾಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಶಾಲೆ ಗೋಕುಲಂ ಬಡಾವಣೆಗೆ ಹೋಯಿತು. ಅಲ್ಲಿ ಎಳನೀರು ಮಾರುವವರಿಗೂ ಬಾಡಿಗೆ ಸ್ಕೂಟರಿನವರಿಗೂ ಸೀಸನ್ ಗೊತ್ತಿದೆ. ‘ಮೈಸೂರು’ ಎಂದರೆ ಹೊರಗಿನವರಿಗೆ ಊರಿನ ಹೆಸರಷ್ಟೇ ಆಗಿ ಉಳಿದಿಲ್ಲ, ಪಾಠದ ಒಂದು ಕ್ರಮ: ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬೊಬ್ಬರು ತಮ್ಮ ತಮ್ಮ ಹಂತದಲ್ಲಿ, ಗುರು ಅವರ ನಡುವೆ ಓಡಾಡುತ್ತ. ಹೇಳಿಕೊಡಲು ಗುರುವಿನ ಅಪ್ಪಣೆ ಬೇಕು. ಒಂದು ಕಾಲಕ್ಕೆ ಬಾಯಿಮಾತಿನಲ್ಲಿ ಆಗುತ್ತಿದ್ದ ಆ ಅಪ್ಪಣೆ ಬರಬರುತ್ತ ಅಧಿಕೃತ ಶಿಕ್ಷಕರ ಪಟ್ಟಿಯಾಯಿತು, ದರ್ಜೆಗಳಾದವು. ಅಯ್ಯಂಗಾರರ ಹೆಸರಿನ ಯೋಗಕ್ಕೂ ಪರೀಕ್ಷೆ, ದರ್ಜೆ, ನೋಂದಾಯಿತ ಮುದ್ರೆ ಇವೆ. ಇವು ಪೂರಾ ಕೆಟ್ಟದ್ದೇನಲ್ಲ. ಎರಡು ವಾರದ ಕೋರ್ಸು ಮುಗಿಸಿ ಬೋರ್ಡು ಹಾಕುವ ಕಾಲದಲ್ಲಿ ಕುತ್ತಿಗೆ ಉಳಿಯಬೇಕಾದವರಿಗೆ ಒಂದು ಜರಡಿ ಬೇಕು. ಆದರೆ ‘ಇದು ನನ್ನದಲ್ಲ, ಗುರುವಿನದು’ ಎಂಬ ಮಾತು ಮೆಲ್ಲಗೆ ‘ಇದು ನಮ್ಮ ಹತ್ತಿರ ಮಾತ್ರ ಸಿಗುತ್ತದೆ’ ಎಂಬಲ್ಲಿಗೆ ಬಂದು ನಿಂತಿದ್ದನ್ನು ಗಮನಿಸದೆ ಇರಲಾಗುವುದಿಲ್ಲ. ಈ ದಾರಿಯ ತುದಿ ಕಂಡವರು ಬಿಕ್ರಮ್ ಚೌಧರಿ. ಬಿಸಿ ಕೋಣೆಯಲ್ಲಿ ಮಾಡಿಸುವ 26 ಆಸನಗಳ ತಮ್ಮ ಸರಣಿಗೆ ಹಕ್ಕುಸ್ವಾಮ್ಯ ಕೇಳಿ ಅವರು ಅಮೆರಿಕದ ಕೋರ್ಟಿಗೆ ಹೋದರು. ಆಸನಗಳ ಸರಣಿ ಯಾರ ಸ್ವತ್ತೂ ಆಗಲಾರದು ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಮುದ್ರೆಯ ಹಂಗಿಲ್ಲದೆ ಕಲಿಸಿದವರೂ ಇದ್ದರು. ಕೃಷ್ಣಮಾಚಾರ್ಯರು ಹುಟ್ಟಿದ ಅದೇ ಚಿತ್ರದುರ್ಗ ಸೀಮೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಬರೋಡದ ಮಾಣಿಕರಾಯರ ವ್ಯಾಯಾಮ ಶಾಲೆಯಲ್ಲಿ ಪಳಗಿದವರು. ಊರೂರಿನಲ್ಲಿ ಯೋಗ ಶಿಬಿರ ನಡೆಸಿ, ಅನಾಥ ಸೇವಾಶ್ರಮ ಕಟ್ಟಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದು, 1996ರಲ್ಲಿ ತೀರಿಕೊಂಡರು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹಳೆಯ ಮೇಷ್ಟರಿಗೆ ಆಸನ ಬರುತ್ತಿತ್ತೆಂದರೆ ಅದರ ಹಿಂದೆ ಇವರಿದ್ದರು. ಅವರ ಹೆಸರಿನ ಶೈಲಿ ಎಂಬುದೊಂದಿಲ್ಲ. ಹಾಗಾಗಿ ಜಾಗತಿಕ ಯೋಗದ ವಂಶವೃಕ್ಷಗಳಲ್ಲಿ ಅವರಿಲ್ಲ.

ಪರಂಪರೆಯ ಕತ್ತಲ ಮಗ್ಗುಲನ್ನೂ ಹೇಳಬೇಕು. ಜೋಯಿಸರು 2009ರಲ್ಲಿ ತೀರಿಕೊಂಡರು. ಅದಾಗಿ ಕೆಲವು ವರ್ಷಗಳಲ್ಲಿ ಅವರ ಹಲವು ವಿದೇಶಿ ಶಿಷ್ಯೆಯರು ಮುಂದೆ ಬಂದು, ಆಸನ ತಿದ್ದುವ ನೆಪದಲ್ಲಿ ತಮ್ಮ ಮೈಯನ್ನು ಅನುಚಿತವಾಗಿ ಮುಟ್ಟಲಾಯಿತು ಎಂದು ಬಹಿರಂಗವಾಗಿ ಹೇಳಿದರು. ಮೊಮ್ಮಗ ಶರತ್ ಜೋಯಿಸ್ 2019ರಲ್ಲಿ ತಾವೂ ಅಂಥ ಸರಿಯಲ್ಲದ ತಿದ್ದುವಿಕೆಗಳನ್ನು ಕಂಡಿದ್ದಾಗಿ ಬರೆದು, ನೊಂದವರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ತಡವಾಯಿತು ಎಂದವರಿದ್ದಾರೆ, ಅಷ್ಟು ಸಾಲದು ಎಂದವರಿದ್ದಾರೆ, ಹೇಳಲೇಬಾರದಿತ್ತು ಎಂದವರೂ ಇದ್ದಾರೆ. ನನಗೆ ಆ ಮೂರನೆಯ ಗುಂಪಿನ ಮೇಲೆ ಸಿಟ್ಟಿದೆ. ಪಕ್ಕದ ಚಾಪೆಯಲ್ಲಿದ್ದು ನೋಡಿದವರು ದಶಕಗಳ ಕಾಲ ಸುಮ್ಮನಿದ್ದುದಕ್ಕೆ ‘ಗುರುವಿನ ಮರ್ಮ ನಮಗೇನು ಗೊತ್ತು’ ಎಂಬುದೇ ಹೊದಿಕೆಯಾಯಿತು. ಸಂಗೀತದಲ್ಲಿ ಗುರು ತಪ್ಪು ಸ್ವರ ಹಿಡಿದರೆ ಶಿಷ್ಯನ ಕಿವಿಗೆ ಗೊತ್ತಾಗುತ್ತದೆ, ಪಕ್ಕವಾದ್ಯದವರಿಗೂ ಗೊತ್ತಾಗುತ್ತದೆ. ಯೋಗದ ಕೋಣೆಯಲ್ಲಿ ಗುರುವಿನ ಕೈ ತಪ್ಪಿತು ಎಂದು ಹೇಳುವ ಪಕ್ಕವಾದ್ಯ ಯಾರು?

ಈ ಪ್ರಶ್ನೆ ಹೊಸದಲ್ಲ. ಹಠಯೋಗದ ಬಹು ಪ್ರಸಿದ್ಧ ಗ್ರಂಥ, ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’, ಶುರುವಾಗುವುದೇ ಗುರುಗಳ ಪಟ್ಟಿಯಿಂದ. ಆದಿನಾಥ, ಮತ್ಸ್ಯೇಂದ್ರ, ಚೌರಂಗಿ, ಗೋರಕ್ಷ ಎಂದು ಸಾಗುವ ಆ ಸಾಲಿನಲ್ಲಿ ಕೋರಂಟಕನಿದ್ದಾನೆ. ಮುಂದೆ ಹೋದರೆ ನಮ್ಮ ಅಲ್ಲಮ ಪ್ರಭುದೇವನೂ ಇದ್ದಾನೆ! ಬಳ್ಳಿಗಾವೆಯ ಅಲ್ಲಮ ಈ ಪಟ್ಟಿಗೆ ಹೇಗೆ ಬಂದ ಎಂಬುದೇ ಒಂದು ಚೋದ್ಯ. ಏಕೆಂದರೆ ಹಠಯೋಗದ ಸಿದ್ಧಿಯನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಪರೀಕ್ಷೆಗೆ ಒಡ್ಡಿದವನು ಕನ್ನಡದಲ್ಲಿ ಇನ್ನೊಬ್ಬನಿಲ್ಲ.

ಶೂನ್ಯಸಂಪಾದನೆಯಲ್ಲಿ ಗೋರಕ್ಷ ತನ್ನ ವಜ್ರದೇಹದ ಬಗ್ಗೆ ಹೆಮ್ಮೆಪಟ್ಟು, ಕತ್ತಿಯಿಂದ ಹೊಡೆದು ನೋಡು ಎನ್ನುತ್ತಾನೆ. ಅಲ್ಲಮ ಹೊಡೆದರೆ ಕಣಕಣ ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಗೋರಕ್ಷ ಬೀಸಿದಾಗ ಅಲ್ಲಮನ ಮೈಯಲ್ಲಿ ಗಾಳಿಯಲ್ಲಿ ಹಾದುಹೋದಂತೆ ಹಾದುಹೋಗುತ್ತದೆ. ಗೋರಕ್ಷ ಅಲ್ಲಿಯೇ ಅಹಂಕಾರ ಇಳಿಸಿ ಉಪದೇಶ ಕೇಳುತ್ತಾನೆ. ನಾಥರ ಮಹಾಗುರು ಶಿಷ್ಯನಾಗಿ ಕೂರುತ್ತಾನೆ ಎಂದು ಶರಣರ ಕಡೆಯವರು ಹೇಳಿದ ಕಥೆ ಇದು, ಅದರಲ್ಲಿ ಪಂಥದ ಅಭಿಮಾನವೂ ಇದೆ. ಇರಲಿ. ಇನ್ನೊಂದು ಕಥೆ ಇದಕ್ಕಿಂತ ಆಳದ್ದು. ಅಲ್ಲಮನಿಗೆ ಗುರುವಾದ ಅನಿಮಿಷಯ್ಯ ಒಂದು ಮಾತನ್ನೂ ಆಡಲಿಲ್ಲ. ನೆಲದಡಿ ಹುದುಗಿದ್ದ ಗುಡಿಯೊಳಗೆ ರೆಪ್ಪೆ ಮುಚ್ಚದೆ ಕುಳಿತಿದ್ದ ಅವನ ಕೈಯಿಂದ ಅಲ್ಲಮ ಲಿಂಗವನ್ನು ತೆಗೆದುಕೊಳ್ಳುತ್ತಿದ್ದಂತೆ ಅವನ ಉಸಿರು ನಿಂತಿತು ಎಂದು ಹರಿಹರನ ರಗಳೆ ಹೇಳುತ್ತದೆ. ಸೇವೆಯಿಲ್ಲ, ವರ್ಷಗಳಿಲ್ಲ, ದರ್ಜೆಯಿಲ್ಲ, ಒಪ್ಪಿಗೆಪತ್ರವಿಲ್ಲ. ಹಾಗಿದ್ದೂ ಅಲ್ಲಮ ಗುರುವಿಲ್ಲದವನಾಗಲಿಲ್ಲ. ಗುರುವೇ ಬೇಡ ಎಂಬುದು ಇಂದು ಫ್ಯಾಶನ್ ಆಗಿರುವ ನಿಲುವು. ಅದಕ್ಕೆ ಅಲ್ಲಮನನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಶರತ್ ಜೋಯಿಸ್ 2024ರ ನವೆಂಬರಿನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಬೆಟ್ಟದ ಹಾದಿ ನಡೆಯುತ್ತಿದ್ದಾಗ ತೀರಿಕೊಂಡರು. 53 ವರ್ಷ. ಮೂರು ತಲೆಮಾರಿನ ಎಳೆಯನ್ನು ಇನ್ನು ಯಾರು ಹಿಡಿಯುವುದು ಎಂಬ ಚರ್ಚೆ ಆ ವಾರವೇ ಶುರುವಾಯಿತು. ಆ ಚರ್ಚೆಯಲ್ಲಿ ಹಿಂದೆ ಸರಿದದ್ದು ಸರಸ್ವತಿ ಜೋಯಿಸರ ಹೆಸರು. ಪಟ್ಟಾಭಿಯವರ ಮಗಳು, ಶರತ್ ಅವರ ತಾಯಿ, ಮೈಸೂರಿನ ಸಂಸ್ಕೃತ ಪಾಠಶಾಲೆಗೆ ಸೇರಿದ ಮೊದಲ ಹುಡುಗಿ, ದಶಕಗಳಿಂದ ಕಲಿಸುತ್ತಿರುವವರು. ಪುಣೆಯಲ್ಲಿ ಬಿ.ಕೆ.ಎಸ್. ಅಯ್ಯಂಗಾರರ ಮಗಳು ಗೀತಾ ತಂದೆಯ ನಂತರ 2018ರ ತನಕ ಶಾಲೆಯನ್ನು ನಡೆಸಿದರು, ಈಗ ಅಯ್ಯಂಗಾರರ ಮೊಮ್ಮಗಳು ಅಭಿಜಾತಾ ಕಲಿಸುತ್ತಾರೆ. ಮಗಳಂದಿರಿಲ್ಲದೆ ಈ ಪರಂಪರೆಗಳು ನಿಲ್ಲುತ್ತಿರಲಿಲ್ಲ. ಆದರೂ ‘ಉತ್ತರಾಧಿಕಾರಿ’ ಎಂದ ಕೂಡಲೇ ಕಣ್ಣು ಗಂಡುಮಕ್ಕಳನ್ನು ಹುಡುಕುತ್ತದೆ.

ಪೀಠ ದಾಟಿಸುವ ಬೇರೆ ದಾರಿಯೊಂದು ನಮ್ಮ ಕರಾವಳಿಯಲ್ಲೇ ಇದೆ. ಮಂಗಳೂರಿನ ಕದ್ರಿ ಗುಡ್ಡದಲ್ಲಿ, ಕ್ರಿ.ಶ. 968ರ ಆಳುಪ ಶಾಸನವಿರುವ ಲೋಕೇಶ್ವರ ವಿಗ್ರಹದ ದೇವಸ್ಥಾನದ ಮೇಲುಗಡೆ, ಗೋರಕ್ಷನ ಅನುಯಾಯಿಗಳ ಜೋಗಿ ಮಠವಿದೆ. ಅಲ್ಲಿನ ಮುಖ್ಯಸ್ಥನನ್ನು ರಾಜ ಎನ್ನುತ್ತಾರೆ. ರಾಜನಾದರೂ ಅವನು ತನ್ನ ಶಿಷ್ಯನಿಗೆ ಪಟ್ಟ ಕೊಡುವಂತಿಲ್ಲ, ಮಗನ ಮಾತಂತೂ ಇಲ್ಲ. ಅಧಿಕಾರ ಹನ್ನೆರಡು ವರ್ಷ. ನಾಸಿಕದ ಕುಂಭಮೇಳದ ಹೊತ್ತಿಗೆ ತ್ರ್ಯಂಬಕೇಶ್ವರದಲ್ಲಿ ನಾಥರ ಹನ್ನೆರಡು ಪಂಥದವರು ಕೂಡಿ ಹೊಸಬನನ್ನು ಆರಿಸುತ್ತಾರೆ. ‘ಝುಂಡಿ’ ಎಂದು ಕರೆಯುವ ತಂಡ ಅವನೊಂದಿಗೆ ಕಾಲ್ನಡಿಗೆಯಲ್ಲಿ ಹೊರಡುತ್ತದೆ. ತಿಂಗಳುಗಟ್ಟಲೆ ನಡೆದು ಶಿವರಾತ್ರಿಯ ಸುಮಾರಿಗೆ ಕದ್ರಿ ಮುಟ್ಟುತ್ತದೆ. ಹೊಸಬನಿಗೆ ಪಟ್ಟವಾಗುತ್ತದೆ, ಹಳಬ ಗಂಟು ಕಟ್ಟಿಕೊಂಡು ಹೊರಡುತ್ತಾನೆ. ಕೊನೆಯ ಪಟ್ಟಾಭಿಷೇಕ ನಡೆದದ್ದು 2016ರ ಮಾರ್ಚಿನಲ್ಲಿ. ಗುರುಪೀಠಕ್ಕೂ ಅವಧಿ ಗೊತ್ತುಮಾಡಬಹುದು, ಆಯ್ಕೆಯನ್ನು ಕುಳಿತವನ ಕೈಯಿಂದ ತೆಗೆದು ಸಮೂಹದ ಕೈಗೆ ಕೊಡಬಹುದು ಎಂಬುದನ್ನು ಈ ಜೋಗಿಗಳು ಯಾವ ಸಂವಿಧಾನ ಓದಿ ಕಲಿತವರಲ್ಲ.

ಕದ್ರಿಯನ್ನು ಆದರ್ಶ ಎಂದು ಎತ್ತಿ ಹಿಡಿಯಲು ನಾನು ಹೊರಟಿಲ್ಲ. ನಾಥ ಸಾಧುಗಳಲ್ಲಿ ಆಸನ, ಪ್ರಾಣಾಯಾಮ ಅಭ್ಯಾಸ ಮಾಡುವವರು ಇಂದು ವಿರಳ ಎಂದು ಅವರ ನಡುವೆ ವರ್ಷಗಟ್ಟಲೆ ಓಡಾಡಿ ಬರೆದವರೇ ಹೇಳುತ್ತಾರೆ. ಪೀಠದ ಶಿಸ್ತು ಉಳಿಸಿಕೊಂಡವರಲ್ಲಿ ಅಭ್ಯಾಸ ತೆಳುವಾಗಿದೆ. ಬೆಳಗಿನ ಜಾವ ಗೋಕುಲಂನಲ್ಲಿ ಬೆವರು ಸುರಿಸುವವರಿಗೆ ಅಭ್ಯಾಸವಿದೆ, ಆದರೆ ಗುರುವನ್ನು ಯಾರು ಆರಿಸಬೇಕು, ಯಾವಾಗ ಇಳಿಸಬೇಕು ಎಂಬ ಏರ್ಪಾಡಿಲ್ಲ. ನಾಸಿಕದ ಮುಂದಿನ ಕುಂಭಸ್ನಾನ 2027ರಲ್ಲಿ. ಆ ಹೊತ್ತಿಗೆ ಝುಂಡಿ ಮತ್ತೆ ದಕ್ಷಿಣಕ್ಕೆ ನಡೆಯಲು ಶುರುಮಾಡಬೇಕು.